ಬೇವಿನ ಮರದ ಕೆಳಗಿನ ಏಕಾದಶಿ

ಇವತ್ತು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಯಾರೋ ನನಗೊಂದು ಸುಳ್ಳು ಹೇಳಿದರು. ಸುಳ್ಳೇನೂ ದೊಡ್ಡದಲ್ಲ. ವಸಂತ್ ಕುಂಜ್‌ನ ಈ ಮೂರನೇ ಮಹಡಿಯ ಫ್ಲ್ಯಾಟಿಗೆ ದಿನವೂ ಹನ್ನೊಂದಕ್ಕೆ ಬಂದು ಅಡುಗೆ ಮಾಡಿಟ್ಟು ಹೋಗುವ ವಿಮಲಾಳಿಗೆ, "ಇವತ್ತೊಂದು ದಿನ ಇಲ್ಲೇ ಊಟ ಮಾಡಮ್ಮ, ಎದುರಿಗೆ ಕೂತುಕೊಂಡು" ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದ್ದೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಮಗಳು ನೊಯ್ಡಾದಲ್ಲಿದ್ದಾಳೆ, ಭಾನುವಾರ ಬರುತ್ತಾಳೆ. ಉಳಿದ ಆರು ದಿನ ನಾನೂ ನನ್ನ ತಟ್ಟೆಯೂ ಮುಖಾಮುಖಿ. ತವಾದ ಮೇಲಿನ ರೊಟ್ಟಿಯಿಂದ ಸುಟ್ಟ ಗೋಧಿಯ ವಾಸನೆ ಏಳುತ್ತಿತ್ತು. ವಿಮಲಾ ನನ್ನ ಕಡೆ ತಿರುಗಲೇ ಇಲ್ಲ. "ಮೇರಾ ತೋ ಆಜ್ ವ್ರತ್ ಹೈ, ಅಂಕಲ್‌ಜೀ" ಎಂದಳು. ಇವತ್ತು ಅವಳಿಗೆ ಉಪವಾಸವಂತೆ.

ಅವಳ ಚೀಲದಲ್ಲಿ ಊಟದ ಡಬ್ಬಿ ಇತ್ತು. ನಾನು ನೋಡಿದ್ದೆ. ಕೆಲಸ ಮುಗಿದ ಮೇಲೆ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ಅವಳು ಅದನ್ನು ಉಣ್ಣುವುದೂ ನನಗೆ ಗೊತ್ತು. ನಗು ಬಂತು. ಆದರೆ ಆ ನಗು ಅರ್ಧಕ್ಕೇ ನಿಂತುಹೋಯಿತು, ಓದುಗ ಮಿತ್ರರೇ, ಏಕೆಂದರೆ ಈ ಸುಳ್ಳು ನನ್ನದು. ವಿಮಲಾ ಹುಟ್ಟುವ ಮೊದಲೇ, ಇಲ್ಲಿಂದ ಏಳೆಂಟು ಕಿಲೋಮೀಟರ್ ದೂರದ ಚಾಣಕ್ಯಪುರಿಯಲ್ಲಿ, ಇದೇ ಸುಳ್ಳನ್ನು ಇದೇ ಊಟದ ಹೊತ್ತಿಗೆ ನಾನು ಒಬ್ಬರಿಗೆ ತಿಂಗಳುಗಟ್ಟಲೆ ಹೇಳಿದ್ದೆ. ಸುಟ್ಟ ಗೋಧಿಯ ವಾಸನೆ ಅಲ್ಲೂ ಇತ್ತು, ರೊಟ್ಟಿಯದಲ್ಲ, ಬ್ರೆಡ್ಡಿನದು.

ನಾನು ದೆಹಲಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಕೈಯಲ್ಲಿ ಶಾರ್ಟ್‌ಹ್ಯಾಂಡ್ ಮತ್ತು ಟೈಪಿಂಗಿನ ಎರಡು ಸರ್ಟಿಫಿಕೇಟು, ಹಾಸಿಗೆ ಸುತ್ತಿದ ಒಂದು ಹೋಲ್ಡಾಲು, ಅಮ್ಮನಿಗೆ ಕೊಟ್ಟ ಎರಡು ಮಾತು. ಮಾಂಸ ಬೇಯುವ ಅಡುಗೆಮನೆಯಲ್ಲಿ ಉಣ್ಣಕೂಡದು, ಏಕಾದಶಿ ತಪ್ಪಿಸಕೂಡದು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಕ್ಕ, ಭಾವ ಇದ್ದರು. ಅವರ ವರಾಂಡದಲ್ಲಿ ನನ್ನ ಮಂಚ. ಭಾವ ಕೇಂದ್ರ ಸರ್ಕಾರದ ಗುಮಾಸ್ತರು, ಸರ್ಕಾರಿಯಲ್ಲದ ಯಾವ ಕೆಲಸವನ್ನೂ ಕೆಲಸವೆಂದು ಒಪ್ಪದವರು. ಪೋಪರ ರಾಯಭಾರಿಯ ಕಚೇರಿಯಲ್ಲಿ ಸ್ಟೆನೋ ಕೆಲಸ ಸಿಕ್ಕಿತು ಎಂದಾಗ ಅವರು ಬಹಳ ಹೊತ್ತು ಯೋಚಿಸಿದರು. "ಪೋಪ್ ಅವರ ಎಂಬೆಸಿಯೇ? ಅಚ್ಛಾ. ದೇವರ ಕೆಲಸ, ಹಾಗಾದ್ರೆ ಪಿಂಚಣಿ ಇರ್ಲಿಕ್ಕಿಲ್ಲ. ಚಲೋ, ಗವರ್ನಮೆಂಟಿನಲ್ಲಿ ಸಿಗುವ ತನಕ ಮಾಡು" ಎಂದರು. ಅಕ್ಕ ಅದೇ ದಿನ ಹೋಗಿ ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಕೊಂಡುತಂದಳು. ಕೆಳಗಿನದರಲ್ಲಿ ಮೊಸರನ್ನ, ಮೇಲಿನದರಲ್ಲಿ ಪಲ್ಯ. ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಮೊದಲ ದಿನ ಹೊರಟಾಗ ನನಗೆ ಇಪ್ಪತ್ತೆರಡು ತುಂಬಿತ್ತು, ಮೀಸೆ ಇನ್ನೂ ನಿರ್ಧಾರವಾಗಿರಲಿಲ್ಲ.

ರಾಯಭಾರಿಯೆಂದರೆ ಸೂಟು, ಟೈ, ಸಿಗಾರು ಎಂದುಕೊಂಡು ಒಳಗೆ ಹೋದವನಿಗೆ ಸಿಕ್ಕವರು ಬಿಳಿಗಡ್ಡದ, ಅಗಲ ಅಂಗೈಯ ಒಬ್ಬ ಎತ್ತರದ ಮುದುಕರು. ಮೈಮೇಲೆ ಬಿಷಪ್ಪರ ಕಪ್ಪು ನಿಲುವಂಗಿ, ನೇರಳೆ ನಡುಪಟ್ಟಿ ಎಲ್ಲವೂ ಇತ್ತು. ಕಾಲಿಗೆ ಮಾತ್ರ ಬರೀ ಚಪ್ಪಲಿ. ಜನವರಿಯ ಚಳಿಯಲ್ಲಿ ನಾನು ಎರಡು ಜೊತೆ ಕಾಲುಚೀಲ ಹಾಕಿ ನಡುಗುವಾಗಲೂ ಅವರ ಹಿಮ್ಮಡಿ ಬಯಲಲ್ಲೇ ಇರುತ್ತಿತ್ತು. ಡಿಕ್ಟೇಶನ್ ಶುರುಮಾಡುವ ಮೊದಲು ಅವರು ಬೆರಳಿನ ದೊಡ್ಡ ಉಂಗುರ ತೆಗೆದು ಗುಂಡುಪಿನ್ನುಗಳ ಬಟ್ಟಲಿಗೆ ಹಾಕುತ್ತಿದ್ದರು. ಮುಗಿದ ಮೇಲೆ ಮರೆತೇಬಿಡುತ್ತಿದ್ದರು. ಹೊರಗೆ ಕಾರು ಬಂದು ನಿಂತಾಗ ಬಟ್ಟಲಿನಲ್ಲಿ ಕೈಯಾಡಿಸಿ ಉಂಗುರ ಹುಡುಕಿ ಕೊಡುವುದು ನನ್ನ ಕೆಲಸ. ಎಷ್ಟೋ ಸಲ ಪಿನ್ನು ಚುಚ್ಚಿಸಿಕೊಂಡಿದ್ದೇನೆ.

ಅವರ ಕಥೆ ನನಗೆ ತಿಳಿದದ್ದೂ ಡಿಕ್ಟೇಶನ್ನಿನಲ್ಲೇ. ಒಂದು ಮೇ ತಿಂಗಳಲ್ಲಿ, ಕಿಟಕಿಯ ಲಾವಂಚದ ಪರದೆಗೆ ಮಾಲಿ ನೀರು ಚಿಮುಕಿಸುತ್ತಿದ್ದಾಗ, ರೋಮ್‌ಗೆ ಕಳಿಸಬೇಕಾದ ಅವರ ಜೀವನ ವಿವರ ಬರೆಸಿದರು. ಟೈಪು ಮಾಡಿದರೆ ಒಂದು ಹಾಳೆ. ಆದರೆ ಪ್ರತಿ ಸಾಲಿನ ನಂತರ ಅವರು ನಿಲ್ಲುತ್ತಿದ್ದರು, ನಿಂತಾಗ ಬಂದದ್ದು ಹಾಳೆಗೆ ಸೇರಲಿಲ್ಲ. ಬೆಟ್ಟದ ಹಳ್ಳಿಯೊಂದರಲ್ಲಿ ಬೂಟು ಹೊಲಿಯುವವನ ಮಗ. ಹದಿನೈದರಲ್ಲಿ ಕಂದು ನಿಲುವಂಗಿಯ ಭಿಕ್ಷು ಸನ್ಯಾಸಿಗಳ ಮಠ ಸೇರಿದರು. ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ, ಹೆಗಲಿಗೆ ಗೋಣಿಚೀಲ, ಮನೆಮನೆಗೆ ಹೋಗಿ ಬ್ರೆಡ್ಡು ಬೇಡುವುದು. ಆಮೇಲೆ ಆಫ್ರಿಕದ ಒಂದು ಮೂಲೆಗೆ ಕಳಿಸಿದರು. ಅಲ್ಲಿ ತಗಡಿನ ಇಗರ್ಜಿ, ಮೋಟಾರ್‌ಸೈಕಲ್ಲು, ಮಲೇರಿಯ. ಒಂದು ದಿನ ಕಾಗದ ಬಂತು: ಇನ್ನು ಮೇಲೆ ನೀವೇ ಇಲ್ಲಿಯ ಬಿಷಪ್. ಅಲ್ಲಿ ಎರಡು ಪಂಗಡಗಳು ಬಡಿದಾಡಿಕೊಂಡಾಗ ಇವರು ನಡುವೆ ಕೂತು ಮಾತಾಡಿಸಿ ರಾಜಿ ಮಾಡಿಸಿದರು. ಅದನ್ನು ಕೇಳಿ ದೊಡ್ಡವರು, ಈ ಮನುಷ್ಯ ರಾಯಭಾರಕ್ಕೆ ಲಾಯಕ್ಕು ಎಂದು ತೀರ್ಮಾನಿಸಿದರು. "ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯಿಲ್ಲ. ಹೇಳಿದಲ್ಲಿಗೆ ಹೋಗುತ್ತೇನೆಂದು ಹದಿನೈದರಲ್ಲೇ ಮಾತು ಕೊಟ್ಟಾಗಿತ್ತು. ಅಮ್ಮ ಇಟ್ಟ ಹೆಸರು ಮಠದಲ್ಲಿ ಹೋಯಿತು, ಮಠದ ಹೆಸರು ಇಲ್ಲಿ ಹೋಯಿತು. ಈಗ ನನ್ನ ಹೆಸರು ಎಕ್ಸಲೆನ್ಸಿ" ಎಂದು ನಕ್ಕರು. ನಾನು ಪೆನ್ಸಿಲ್ ಹಿಡಿದು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಕಾಯುತ್ತಿದ್ದೆ. ಅಷ್ಟು ದಡ್ಡ ನಾನು.

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರಬೇಕು, ಒಂದು ದಿನ ವಿಚಿತ್ರವಾದ ಬೇಡಿಕೆ ಬಂತು. ಮಧ್ಯಾಹ್ನ ಒಂದು ಗಂಟೆಗೆ ಊಟದ ಕೋಣೆಗೆ ಬಂದು ಏನಾದರೂ ಗಟ್ಟಿಯಾಗಿ ಓದಲು ಆಗುತ್ತದೆಯೇ? ಅವರ ಮಠದಲ್ಲಿ ನಲವತ್ತು ಜನ ಒಟ್ಟಿಗೆ ಉಣ್ಣುವವರು. ಯಾರೂ ಮಾತಾಡಕೂಡದು. ಒಬ್ಬ ಎತ್ತರದ ಪೀಠದಲ್ಲಿ ನಿಂತು ಓದುತ್ತಾನೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. "ಇಲ್ಲಿ ಔತಣಗಳಲ್ಲಿ ಎಲ್ಲರೂ ನನ್ನೊಂದಿಗೆ ಮಾತಾಡುತ್ತಾರೆ, ನನಗೆ ಉಣ್ಣಲು ಆಗುವುದಿಲ್ಲ. ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಆಗಲೂ ಆಗುವುದಿಲ್ಲ" ಎಂದರು. ಅವರ ಕಾರ್ಯದರ್ಶಿ ಪಾದ್ರಿಗಳಿಗೆ ದಿನವೂ ಬೇರೆ ಎಂಬೆಸಿಗಳಲ್ಲಿ ಊಟ. ಅಡುಗೆ ಮಾಡುತ್ತಿದ್ದ ಸಿಸ್ಟರು ಬಡಿಸಿ ಒಳಗೆ ಹೋಗುವವರು. ಇಪ್ಪತ್ತು ಕುರ್ಚಿಗಳ ಆ ಮೇಜಿನ ಒಂದು ತುದಿಯಲ್ಲಿ ಈ ಮುದುಕರು ಒಬ್ಬರೇ.

ಹೀಗೆ ನಾನು ಓದುವವನಾದೆ. ಅದು ತುರ್ತುಪರಿಸ್ಥಿತಿಯ ಕಾಲ, ಪತ್ರಿಕೆಗಳ ಮೊದಲ ಪುಟದಲ್ಲಿ ಓದುವಂಥದ್ದು ಏನೂ ಇರುತ್ತಿರಲಿಲ್ಲ. ನಾನು ಹಿಂದಿನ ಪುಟಗಳಿಗೆ ಹೋದೆ. ಹವಾಮಾನ, ಕಳೆದುಹೋದ ನಾಯಿ, ವರ ಬೇಕಾಗಿದೆ, ವಧು ಬೇಕಾಗಿದೆ. ವಿವಾಹದ ಜಾಹೀರಾತುಗಳೆಂದರೆ ಅವರಿಗೆ ಪ್ರಾಣ. "ಆ ಎಂಜಿನಿಯರನಿಗೆ ಇನ್ನೂ ಸಿಗಲಿಲ್ಲವೇ? ಹೋದ ವಾರವೂ ಇದ್ದ" ಎಂದು ಮರುಗುತ್ತಿದ್ದರು. ಒಂದು ದಿನ ಪತ್ರಿಕೆ ಬಂದಿರಲಿಲ್ಲ. ಜೇಬಿನಲ್ಲಿ ಅಮ್ಮನ ಇನ್‌ಲ್ಯಾಂಡ್ ಪತ್ರವಿತ್ತು. "ಅದನ್ನೇ ಓದು" ಎಂದರು. "ಕನ್ನಡದಲ್ಲಿದೆ, ಎಕ್ಸಲೆನ್ಸಿ." "ಇರಲಿ. ಹದಿನೈದು ವರ್ಷದವನಿದ್ದಾಗ ನನಗೆ ಲ್ಯಾಟಿನ್ನೂ ಬರುತ್ತಿರಲಿಲ್ಲ." ಓದಿದೆ. ಅವರು ಚಮಚ ಕೆಳಗಿಟ್ಟು ಕೇಳಿದರು. ಏನು ಬರೆದಿದ್ದಾರೆ ಎಂದು ಕೊನೆಯಲ್ಲಿ ವಿಚಾರಿಸಿದಾಗ, "ಸರಿಯಾಗಿ ಉಣ್ಣುತ್ತಿದ್ದೀಯಾ ಎಂದು ಕೇಳಿದ್ದಾಳೆ" ಎಂದೆ. ಅವರು ತಲೆಯಾಡಿಸಿದರು. ಇಂಗ್ಲಿಷಿನ ಅವರ 'ಯೂ' ನೀನೋ ನೀವೋ ನನಗೆ ಕೊನೆಯತನಕ ಗೊತ್ತಾಗಲಿಲ್ಲ. ಆ ದಿನದಿಂದ ನಾನು ಅದನ್ನು ನೀನು ಎಂದೇ ಕೇಳಿಸಿಕೊಂಡೆ.

ಇನ್ನು ಸುಳ್ಳಿನ ವಿಷಯಕ್ಕೆ ಬರುತ್ತೇನೆ. ತಪ್ಪಿಸಿಕೊಳ್ಳಲು ಇಷ್ಟು ಹೊತ್ತು ಅದೂ ಇದೂ ಹೇಳಿದೆ. ಮಠದ ಪದ್ಧತಿಯಲ್ಲಿ ಓದುವವನಿಗೆ ಎರಡನೆಯ ಪಂಕ್ತಿ. ಎಲ್ಲರದೂ ಮುಗಿದ ಮೇಲೆ ಅವನು ಉಣ್ಣಬೇಕು, ಯಾರಾದರೂ ಒಬ್ಬರು ಜೊತೆಗೆ ಕೂರಬೇಕು. ಮೊದಲ ದಿನವೇ ನನಗೊಂದು ತಟ್ಟೆ ಹಾಕಿಸಿದ್ದರು. ತರಕಾರಿ ಸೂಪು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಮಾಂಸದ ಪಾತ್ರೆಯೇ ಬೇರೆಯೆಂದು ಸಿಸ್ಟರಿಂದ ಹೇಳಿಸಿದ್ದರು. ಅವತ್ತು ನಿಜವಾಗಿಯೂ ಏಕಾದಶಿ. "ಇವತ್ತು ನನಗೆ ಉಪವಾಸ, ಎಕ್ಸಲೆನ್ಸಿ" ಎಂದೆ. ಅವರ ಮುಖ ಅರಳಿತು. ಉಪವಾಸ ಅವರ ಊರಿನ ಭಾಷೆ. ಮುಂದಿನ ಸಲವೂ ತಟ್ಟೆ. ಸೋಮವಾರದ ವ್ರತ ಎಂದೆ. ಆಮೇಲೆ ಸಂಕಷ್ಟಿ, ಆಮೇಲೆ ಶನಿವಾರ. ದೇವರುಗಳು ಮುಗಿದ ಮೇಲೆ ಮತ್ತೆ ಏಕಾದಶಿಗೇ ಬಂದೆ. ಅವರು ಮನೆಯಲ್ಲಿ ಉಣ್ಣುತ್ತಿದ್ದದ್ದು ವಾರಕ್ಕೆ ಮೂರೋ ನಾಲ್ಕೋ ದಿನ, ಆ ಮೂರು ನಾಲ್ಕು ದಿನವೂ ನನಗೆ ವ್ರತ. ನನ್ನಂಥ ನಿಷ್ಠಾವಂತ ಉಡುಪಿಯಲ್ಲೂ ಇದ್ದಿರಲಾರ. ಒಂದೂವರೆಗೆ ಓದು ಮುಗಿಸಿ, ಹಿಂಬದಿಯ ಗ್ಯಾರೇಜಿನ ಆಚೆ ಬೇವಿನ ಮರದ ಕೆಳಗೆ ಕೂತು, ಅಕ್ಕನ ಮೊಸರನ್ನವನ್ನು ತಳ ಕೆರೆದು ಉಣ್ಣುತ್ತಿದ್ದೆ.

ಅಮ್ಮನಿಗೆ ಕೊಟ್ಟ ಮಾತು ಅರ್ಧ ಕಾರಣ, ಅಷ್ಟೆ. ಇನ್ನರ್ಧವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಾನು ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ಏಳು ದಿನಕ್ಕೆ ಏಳು ಮನೆ. ಬುಧವಾರದ ಮನೆಯಲ್ಲಿ ಯಜಮಾನರು ಎದುರಿಗೆ ಕೂತು, ನಾನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದನ್ನು ನೋಡುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ನೋಡುತ್ತಿದ್ದರು. ಅಲ್ಲಿಂದೀಚೆಗೆ ಇನ್ನೊಬ್ಬರ ಮನೆಯಲ್ಲಿ, ಅವರ ಕಣ್ಣೆದುರಿಗೆ ಉಣ್ಣುವುದೆಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಮನೆಮನೆಗೆ ಗೋಣಿಚೀಲ ಹಿಡಿದು ಹೋಗಿದ್ದ ಆ ಮನುಷ್ಯರಿಗೆ ಇದನ್ನು ಒಂದು ಮಾತಿನಲ್ಲಿ ಹೇಳಿದ್ದರೆ ಸಾಕಿತ್ತು, ಜಗತ್ತಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು.

ನನಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಓದು ಶುರುವಾಗುವ ಮೊದಲು ಅವರು, "ಇವತ್ತು ಉಪವಾಸವೇ?" ಎಂದು ಕೇಳುತ್ತಿದ್ದರು. ಹೌದೆಂದರೆ ಮುಂದಿದ್ದ ಸೂಪನ್ನು ಪಕ್ಕಕ್ಕೆ ಸರಿಸಿ, ಬರೀ ಒಂದು ತುಂಡು ಬ್ರೆಡ್ಡು, ನೀರು ಇಟ್ಟುಕೊಳ್ಳುತ್ತಿದ್ದರು. ಬ್ರೆಡ್ಡಿನಲ್ಲೂ ಅರ್ಧ ಮುರಿದು ಕರವಸ್ತ್ರದಲ್ಲಿ ಸುತ್ತಿ ಮೇಲಿನ ಕೋಣೆಗೆ ಒಯ್ಯುತ್ತಿದ್ದರು. ಮುದುಕರಿಗೆ ಹಸಿವು ಕಡಿಮೆ ಎಂದುಕೊಂಡೆ, ಬಡವರ ಮನೆಯಲ್ಲಿ ಬೆಳೆದವರು, ಹಾಳುಮಾಡುವುದಿಲ್ಲ ಎಂದುಕೊಂಡೆ.

ಸಿಸ್ಟರು ಮಂಗಳೂರಿನ ಕಡೆಯವರು. ಒಂದು ಸಂಜೆ ನಾನು ಸೈಕಲ್ಲಿನ ಬೀಗ ತೆಗೆಯುತ್ತಿದ್ದಾಗ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತರು. "ನಿಮ್ಮ ಏಕಾದಶಿ ವಾರಕ್ಕೆ ಎಷ್ಟು ಸಲ ಬರ್ತದೆ ಮಾರಾಯ್ರೆ?"

ನಾನು ಬೀಗದ ಕೈಯನ್ನು ತಿರುಗಿಸುತ್ತಲೇ ಇದ್ದೆ.

"ನಮ್ಮ ಮನೆ ಪಕ್ಕದಲ್ಲಿ ಭಟ್ರು ಇದ್ದರು. ನಂಗೆ ಗೊತ್ತುಂಟು, ಹದಿನೈದು ದಿನಕ್ಕೆ ಒಂದು. ನೀವು ಉಪವಾಸ ಅಂತ ಹೇಳಿದ ದಿನ ಅವ್ರೂ ಉಪವಾಸ. ಜೊತೆಯವ ಹಸಿದು ಕೂತಿರುವಾಗ ನಾನು ಹೇಗೆ ಉಣ್ಣುದು ಅಂತ ನನ್ನತ್ರ ಕೇಳ್ತಾರೆ. ಬಟ್ಟೆ ಎಲ್ಲ ಸಡಿಲ ಆಗಿದೆ, ನೋಡ್ಲಿಲ್ವಾ? ನೀವು ಅಲ್ಲಿ ಮರದಡಿ ಗಮ್ಮತ್ತಲ್ಲಿ ಮೊಸರನ್ನ ಹೊಡೀತೀರಿ. ನಾನು ಅವ್ರಿಗೆ ಹೇಳುದಿಲ್ಲ. ನೀವೇ ಹೇಳಿ."

ಸೈಕಲ್ ಹತ್ತಿ ಕಿದ್ವಾಯಿ ನಗರದ ದಾರಿ ಹಿಡಿದೆ. ಬಟ್ಟಲಿನಲ್ಲಿ ಉಂಗುರ ಹುಡುಕಿಕೊಡುವಾಗ ಅದು ಈಚೆಗೆ ಅವರ ಬೆರಳಿನಲ್ಲಿ ತಿರುಗುತ್ತಿದ್ದದ್ದು ನೆನಪಾಯಿತು. ಅವತ್ತು ಅಕ್ಕ ಬಡಿಸಿದ್ದು ಸೇರಲಿಲ್ಲ. ಸೋಮವಾರ ಹೋಗಿ ಎಲ್ಲ ಹೇಳಿಬಿಡುವುದು, ಅವರೆದುರಿಗೆ ಕೂತು ಉಣ್ಣುವುದು, ಗಂಟಲು ಕಟ್ಟಿದರೆ ಕಟ್ಟಲಿ ಎಂದು ತೀರ್ಮಾನಿಸಿದೆ.

ಸೋಮವಾರ ಹೋದರೆ ಮೇಜಿನ ಮೇಲೆ ರೋಮ್‌ನ ಕಾಗದ ಬಿದ್ದಿತ್ತು. ಬೇರೆ ದೇಶಕ್ಕೆ ವರ್ಗ. ಹತ್ತೇ ದಿನ. ನನ್ನನ್ನು ಮಠಕ್ಕೆ ವಾಪಸು ಕಳಿಸಿ ಎಂದು ಅವರು ಒಂದು ವರ್ಷದಿಂದ ಬರೆಯುತ್ತಿದ್ದರು. ಆ ಪತ್ರಗಳನ್ನು ಟೈಪು ಮಾಡಿದವನೇ ನಾನು. ಉತ್ತರವಾಗಿ ಬಂದದ್ದು ಇದು. ಅಲ್ಲಿಂದ ಮುಂದೆ ದಿನವೂ ಬೀಳ್ಕೊಡುಗೆಯ ಔತಣಗಳು. ಊಟದ ಕೋಣೆಯ ಕುರ್ಚಿಗಳಿಗೆ ಬಟ್ಟೆ ಹೊದಿಸಿದರು. ಹೊರಡುವ ದಿನ ಮಾತ್ರ ಮಧ್ಯಾಹ್ನ ಬಿಡುವಿತ್ತು. ನಾನು ನೇರವಾಗಿ ಅಡುಗೆಮನೆಗೆ ಹೋಗಿ, "ಸಿಸ್ಟರ್, ಇವತ್ತು ನನಗೂ ತಟ್ಟೆ ಹಾಕಿ" ಎಂದೆ.

ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ನಮ್ಮೂರಿನದೇ ಒಂದು ಕ್ಯಾಲೆಂಡರ್ ಹೊಸದಾಗಿ ತೂಗುತ್ತಿತ್ತು. "ಅಯ್ಯೋ ದೇವರೇ, ಇವತ್ತು ನಿಜವಾಗಿ ಏಕಾದಶಿ ಉಂಟಲ್ಲ!"

ಅಷ್ಟೊಂದು ಏಕಾದಶಿ ಸೃಷ್ಟಿಸಿದವನಿಗೆ ನಿಜವಾದದ್ದು ಬಂದದ್ದೇ ಗೊತ್ತಾಗಿರಲಿಲ್ಲ. ಆದರೂ ಹೋಗಿ ಮೇಜಿನ ಮುಂದೆ ಕೂತೆ. "ಎಕ್ಸಲೆನ್ಸಿ, ಇವತ್ತು ನಾನು ಉಣ್ಣುತ್ತೇನೆ. ನಾನು ಹೇಳಿದ ಉಪವಾಸಗಳೆಲ್ಲ ಸುಳ್ಳು" ಎಂದೆ. ಹೇಳುವಾಗ ಅಳು ಬಂತು.

"ಗೊತ್ತು" ಎಂದರು. "ನನ್ನ ಕೋಣೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತದೆ. ಮೊದಲ ವಾರವೇ ಗೊತ್ತಾಯಿತು."

"ಮತ್ತೆ ನೀವೇಕೆ ಉಪವಾಸ ಮಾಡಿದಿರಿ?"

"ನಾನೆಲ್ಲಿ ಮಾಡಿದೆ? ನೀನು ಡಬ್ಬಿ ತೆರೆಯುವ ತನಕ ಕಾಯುತ್ತಿದ್ದೆ. ನೀನು ಮೊದಲ ತುತ್ತು ತೆಗೆದುಕೊಂಡಾಗ ನಾನು ಕಿಟಕಿಯಲ್ಲಿ ನಿಂತು ಬ್ರೆಡ್ಡು ತಿನ್ನುತ್ತಿದ್ದೆ. ನಾವಿಬ್ಬರೂ ಜೊತೆಯಲ್ಲೇ ಉಂಡಿದ್ದೇವೆ, ನಿನಗೆ ಗೊತ್ತಿರಲಿಲ್ಲ, ಅಷ್ಟೆ." ಮತ್ತೆ ಹೇಳಿದರು, "ಕೆಳಗೆ ಬಂದು ಪಕ್ಕದಲ್ಲಿ ಕೂರಬೇಕೆಂದು ಬಹಳ ಆಸೆಯಿತ್ತು. ಆದರೆ ನಾನು ಬಂದರೆ ಡ್ರೈವರು ಎದ್ದು ನಿಲ್ಲುತ್ತಾನೆ, ಮಾಲಿ ಎದ್ದು ನಿಲ್ಲುತ್ತಾನೆ, ಕೈಯಲ್ಲಿ ಅನ್ನ ಹಿಡಿದುಕೊಂಡು ನೀನೂ ಎದ್ದು ನಿಲ್ಲುತ್ತೀಯ. ನಮ್ಮ ಮಠದಲ್ಲಿ ತಪ್ಪನ್ನು ಎಲ್ಲರೆದುರಿಗೆ ಒಪ್ಪಿಕೊಳ್ಳುವ ಕ್ರಮವಿದೆ. ನೀನು ನಿನ್ನದು ಒಪ್ಪಿಕೊಂಡೆ. ನನ್ನದು ಇದು: ಸುಳ್ಳು ಗೊತ್ತಿದ್ದೂ ಹೇಳಲಿಲ್ಲ. ಹೇಳಿದರೆ ನೀನು ಓದಲು ಬರುವುದನ್ನು ನಿಲ್ಲಿಸುತ್ತೀಯೆಂದು ಹೆದರಿದೆ."

ಸಿಸ್ಟರು ತಂದಿಟ್ಟ ತಟ್ಟೆಯ ಕಡೆ ನಾನು ಕೈ ಚಾಚಿದೆ. ಅವರು ಅದನ್ನು ಮೆಲ್ಲನೆ ತಮ್ಮತ್ತ ಎಳೆದುಕೊಂಡರು. "ಇವತ್ತಿನದು ನಿನ್ನ ತಾಯಿಯ ಉಪವಾಸ. ಅದನ್ನು ಮುರಿಯಲು ನಾನು ಬಿಡುವುದಿಲ್ಲ. ನೀನು ಕೂತಿರು. ಇವತ್ತು ನಾನು ಓದುತ್ತೇನೆ." ಎರಡು ಲೋಟ ನೀರು ತರಿಸಿದರು. ಜೇಬಿನಿಂದ ಅಂಚು ಸವೆದ ಪ್ರಾರ್ಥನೆಯ ಪುಸ್ತಕ ತೆಗೆದು, ಎದ್ದು ನಿಂತು, ಲ್ಯಾಟಿನ್ನಿನಲ್ಲಿ ಓದಿದರು. ಒಂದಕ್ಷರ ಅರ್ಥವಾಗಲಿಲ್ಲ. ಇಪ್ಪತ್ತು ಕುರ್ಚಿಗಳಲ್ಲಿ ಹದಿನೆಂಟು ಬಟ್ಟೆ ಹೊದ್ದು ಕೂತಿದ್ದವು. ನಾನು ನೀರು ಕುಡಿಯುತ್ತ ಕೇಳಿದೆ. ಮೂರು ಗಂಟೆಗೆ ಕಾರು ಬಂತು. ಪಿನ್ನಿನ ಬಟ್ಟಲಿನಿಂದ ಉಂಗುರ ತೆಗೆದುಕೊಟ್ಟೆ.

ಆಮೇಲೆ ಕ್ರಿಸ್‌ಮಸ್‌ಗೊಂದು ಕಾರ್ಡು ಬರುತ್ತಿತ್ತು. ನಾನು ಸರ್ಕಾರಿ ಕೆಲಸಕ್ಕೆ ಸೇರಿದೆ, ಭಾವನಿಗೆ ಸಮಾಧಾನವಾಯಿತು, ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ, ನಿವೃತ್ತರಾಗಿ ಅವರು ತಮ್ಮ ಮಠಕ್ಕೇ ಮರಳಿದ ಸುದ್ದಿ ಬಂತು. "ಈಗ ನಲವತ್ತು ಜನರಿಲ್ಲ, ಒಂಬತ್ತೇ ಜನ. ಇಲ್ಲಿ ಓದುವವನು ಬಹಳ ಅವಸರ ಮಾಡುತ್ತಾನೆ. ಆ ಎಂಜಿನಿಯರನಿಗೆ ಹೆಣ್ಣು ಸಿಕ್ಕಿತೇ?" ಎಂದು ನಡುಗುವ ಅಕ್ಷರದಲ್ಲಿ ಬರೆದಿದ್ದರು. ಕೆಳಗೆ ಮಠದ ಹೆಸರಿನಲ್ಲಿ ಸಹಿಯಿತ್ತು, ಹೆಸರಿನ ಹಿಂದೆ 'ಸಹೋದರ' ಎಂದಷ್ಟೇ. ಉತ್ತರ ಬರೆಯಬೇಕೆಂದು ಕಾರ್ಡನ್ನು ಎತ್ತಿಟ್ಟೆ. ಬರೆಯಲಿಲ್ಲ. ಮರುವರ್ಷ ಕಾರ್ಡು ಬರಲಿಲ್ಲ.

ಇಷ್ಟು ನೆನೆಯುವಷ್ಟರಲ್ಲಿ ನನ್ನ ತಟ್ಟೆಯ ದಾಲ್ ಮೇಲೆ ಕೆನೆಗಟ್ಟಿತ್ತು. ವಿಮಲಾ ಒಲೆ ಒರೆಸಿ, ಚೀಲ ಎತ್ತಿಕೊಂಡು, "ಚಲ್ತೀ ಹೂಂ ಅಂಕಲ್‌ಜೀ" ಎಂದು ಹೋದಳು. ಬಾಗಿಲು ಮುಚ್ಚಿದ ಸದ್ದಾಯಿತು. ಅವಳ ಚಪ್ಪಲಿಯ ಸದ್ದು ಕೆಳಗೆ ಇಳಿಯಲಿಲ್ಲ, ಮೇಲಕ್ಕೆ ನಾಲ್ಕು ಮೆಟ್ಟಿಲು ಹತ್ತಿ ನಿಂತಿತು. ನಾನು ಎದ್ದೆ. ಕಿಟಕಿಯ ಹತ್ತಿರ ಹೋಗಲಿಲ್ಲ. ತಟ್ಟೆ ಹಿಡಿದುಕೊಂಡು ಬಾಗಿಲು ತೆರೆದೆ.

ಅವಳು ಬಾಯಲ್ಲಿ ತುತ್ತು ಇಟ್ಟುಕೊಂಡೇ ಗಡಬಡಿಸಿ ಎದ್ದು ನಿಂತಳು. ಆ ಮುದುಕರು ಹೆದರಿದ್ದು ಇದಕ್ಕೇ. "ಬೈಠೋ, ಬೈಠೋ" ಎಂದು ಒಂದು ಮೆಟ್ಟಿಲು ಕೆಳಗೆ ನಾನೇ ಮೊದಲು ಕೂತುಬಿಟ್ಟೆ. ಮಂಡಿ ಚಟ್ಟೆಂದಿತು. ಇನ್ನು ಏಳಬೇಕಾದರೆ ಅವಳೇ ಕೈಕೊಡಬೇಕು.

"ಆಪ್ ಯಹಾಂ, ಅಂಕಲ್‌ಜೀ?"

"ಮೇರಾ ಭೀ ವ್ರತ್ ಹೈ" ಎಂದು ರೊಟ್ಟಿ ಮುರಿದು ದಾಲ್‌ಗೆ ಅದ್ದಿದೆ.

ಅವಳು ನನ್ನ ತಟ್ಟೆಯನ್ನೂ ತನ್ನ ಡಬ್ಬಿಯನ್ನೂ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕೂತಳು. ಡಬ್ಬಿಯ ಮುಚ್ಚಳದಲ್ಲಿದ್ದ ಮೆಣಸಿನಕಾಯಿ ಉಪ್ಪಿನಕಾಯಿಯಲ್ಲಿ ಅರ್ಧ ತೆಗೆದು, ಕೇಳದೆ, ನನ್ನ ತಟ್ಟೆಯ ಅಂಚಿಗೆ ಇಟ್ಟಳು. ನಾನು ಅವಳ ಕಣ್ಣೆದುರಿಗೇ ಅದನ್ನು ತಿಂದೆ. ಗಂಟಲು ಕಟ್ಟಲಿಲ್ಲ.